ಲೆಕ್ಸಿಯೊ ಡಿವಿನಾ: ಮೆಲುಕು ಹಾಕುವ ಓದು

ಚರ್ಚಿನ ಧ್ಯಾನಕೂಟಕ್ಕೆ ಹೋದವರು ಈ ಹೆಸರನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಫಾದರ್ "ಈಗ ಅರ್ಧ ಗಂಟೆ ಲೆಕ್ಸಿಯೊ ಡಿವಿನಾ" ಅಂತ ಹೇಳಿ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ನಾಲ್ಕು ಲ್ಯಾಟಿನ್ ಪದ, ಪಕ್ಕದಲ್ಲಿ ಕನ್ನಡ ಅರ್ಥ. ಎಲ್ಲರೂ ಬೈಬಲ್ ಹಿಡಿದು ಅಲ್ಲಲ್ಲಿ ಮರದ ಕೆಳಗೆ ಕೂರುತ್ತಾರೆ. ಐದು ನಿಮಿಷಕ್ಕೆ ಓದು ಮುಗಿಯುತ್ತದೆ. ಉಳಿದ ಇಪ್ಪತ್ತೈದು ನಿಮಿಷ ಏನು ಮಾಡಬೇಕು ಅಂತ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲೆಕ್ಸಿಯೊ ಅಂದರೆ ಓದು. ಡಿವಿನಾ ಅಂದರೆ ದೈವಿಕ. ದೈವಿಕ ಓದು ಅಂದರೆ ಅರ್ಥವೇನೋ ಸರಿ, ಆದರೆ ಹೇಗೆ ಓದಬೇಕು ಅನ್ನೋದು ಅದರಲ್ಲಿ ಗೊತ್ತಾಗುವುದಿಲ್ಲ. ಹಳೇ ಸನ್ಯಾಸಿಗಳು ಇದಕ್ಕೆ ಇನ್ನೊಂದು ಲ್ಯಾಟಿನ್ ಪದ ಬಳಸುತ್ತಿದ್ದರು, ರುಮಿನಾತಿಯೊ. ಹಸು ಮೆಲುಕು ಹಾಕುತ್ತದಲ್ಲ, ಅದೇ. ಹಳೇ ನೆನಪು ಮೆಲುಕು ಹಾಕಿದೆವು ಅಂತ ದಿನಾ ಹೇಳುವ ನಮಗೆ ಈ ಪದ ಎಷ್ಟು ಹತ್ತಿರ, ಅಲ್ವಾ?

ಬೇಗೂರಿನ ನಮ್ಮ ಅಜ್ಜಿ ಮನೆಯಲ್ಲಿ ಒಂದು ಹಸು ಇತ್ತು. ಬೆಳಿಗ್ಗೆ ಆತುರಾತುರವಾಗಿ ಮೇಯುತ್ತಿತ್ತು. ಮಧ್ಯಾಹ್ನ ಹೊಂಗೆ ಮರದ ನೆರಳಲ್ಲಿ ಮಲಗಿ, ಅರೆಗಣ್ಣು ಮುಚ್ಚಿ, ದವಡೆ ಮಾತ್ರ ಆಡಿಸುತ್ತಿತ್ತು. ಒಂದು ಉಂಡೆ ನುಂಗಿದ ಮೇಲೆ ಕುತ್ತಿಗೆಯಲ್ಲಿ ಇನ್ನೊಂದು ಉಂಡೆ ಏರಿ ಬರುವುದು ಕಾಣುತ್ತಿತ್ತು. ನಾನು ಹತ್ತಿರ ಹೋದರೆ ಅಜ್ಜಿ, "ಎಬ್ಬಿಸಬೇಡ ಮಗಾ, ಅದು ಈಗ ತಿನ್ನೋದು" ಅನ್ನುತ್ತಿದ್ದರು.

ಬೈಬಲ್ಲಿನಲ್ಲೂ ಈ ಬಾಯಾಡಿಸುವಿಕೆ ಇದೆ. ದೇವರ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವರು ಧನ್ಯರು ಅಂತ ಮೊದಲನೇ ಕೀರ್ತನೆ ಹೇಳುತ್ತದೆ. ಧ್ಯಾನ ಅಂದ ತಕ್ಷಣ ನಮಗೆ ಕಣ್ಣು ಮುಚ್ಚಿ ಸುಮ್ನೆ ಕೂರುವುದು ನೆನಪಾಗುತ್ತದೆ. ಆದರೆ ಅಲ್ಲಿರುವ ಹೀಬ್ರೂ ಪದ 'ಹಾಗಾ'. ತುಟಿ ಅಲ್ಲಾಡಿಸುತ್ತಾ ತನ್ನಷ್ಟಕ್ಕೆ ಹೇಳಿಕೊಳ್ಳುವುದು ಅಂತ ಅದರ ಅರ್ಥ. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ನಿಂತ ಸಿಂಹದ ಗುರುಗುಟ್ಟುವಿಕೆಗೂ ಇದೇ ಪದ ಇದೆ. ಹಾಗಾಗಿ ಈ ಓದು ಬಾಯಿಂದ ಶುರುವಾಗುತ್ತದೆ. 6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತಮ್ಮ ಮಠಕ್ಕೆ ಬರೆದ ನಿಯಮದ 48ನೇ ಅಧ್ಯಾಯದಲ್ಲಿ ಓದಿಗೆ ದಿನದ ಹೊತ್ತುಗಳನ್ನು ಗೊತ್ತು ಮಾಡಿದ್ದಾರೆ. ಊಟದ ಮೇಲೆ ಹಾಸಿಗೆಯಲ್ಲಿ ಓದುವವರು ಪಕ್ಕದವರಿಗೆ ತೊಂದರೆ ಆಗದಂತೆ ಓದಬೇಕು ಅಂತಲೂ ಹೇಳುತ್ತಾರೆ. ಆಗಿನವರು ಸಾಮಾನ್ಯವಾಗಿ ಸದ್ದು ಮಾಡಿಯೇ ಓದುತ್ತಿದ್ದರು ಅನ್ನೋದು ಇದರಿಂದ ಗೊತ್ತಾಗುತ್ತದೆ.

ಹಾಳೆಯಲ್ಲಿರುವ ಆ ನಾಲ್ಕು ಹೆಸರು 12ನೇ ಶತಮಾನದ ಸನ್ಯಾಸಿ ಎರಡನೇ ಗೀಗೊ ಬರೆದ 'ಸನ್ಯಾಸಿಗಳ ಏಣಿ' ಅನ್ನುವ ಬರಹದಿಂದ ಬಂದದ್ದು. ಓದು, ಮನನ, ಪ್ರಾರ್ಥನೆ, ಮೌನ ದರ್ಶನ. ಅವರು ಊಟದ ಹೋಲಿಕೆ ಕೊಟ್ಟಿದ್ದಾರೆ: ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆ ರುಚಿ ಹಿಡಿಯುತ್ತದೆ, ದರ್ಶನ ಆ ಸಿಹಿಯೇ. ಏಣಿ ಅಂದ ಮಾತ್ರಕ್ಕೆ ಒಂದೊಂದೇ ಮೆಟ್ಟಿಲು ಎಣಿಸಿಕೊಂಡು ಹತ್ತಬೇಕಾಗಿಲ್ಲ. ಕೆಲವು ದಿನ ಅಗಿಯುವುದರಲ್ಲೇ ಹೊತ್ತು ಹೋಗುತ್ತದೆ, ಅದೂ ಪ್ರಾರ್ಥನೆಯೇ ಅಂತ ನಾನು ನಂಬುತ್ತೇನೆ.

ನನಗೆ ಇದು ಅರ್ಥವಾದದ್ದು ಕಳೆದ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ. ಮಾರ್ಕನ ಶುಭಸಂದೇಶದ ಕುರುಡ ಬಾರ್ತಿಮಾಯನ ಪ್ರಸಂಗ ಓದುತ್ತಿದ್ದೆ. ಅವನು ಕೂಗುತ್ತಾನೆ, ಜನ ಸುಮ್ನಿರು ಅಂತ ಗದರುತ್ತಾರೆ, ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಆಗ ಯೇಸು ನಿಂತರು. ಆ 'ನಿಂತರು' ಅನ್ನುವಲ್ಲೇ ನಾನೂ ನಿಂತುಬಿಟ್ಟೆ. ಅಷ್ಟು ಜನ ಹಿಂದೆ ಬರುತ್ತಿದ್ದಾರೆ, ಮುಂದೆ ಜೆರುಸಲೇಮಿನ ದಾರಿ ಇದೆ, ಆದರೂ ದಾರಿಬದಿಯ ಒಂದು ಕೂಗಿಗೆ ನಿಂತರಲ್ಲ ಅಂತ ಅನ್ನಿಸಿ ಮುಂದಿನ ಸಾಲಿಗೆ ಹೋಗಲಾಗಲಿಲ್ಲ. ಅದನ್ನೇ ಐದಾರು ಸಲ ಮೆಲ್ಲಗೆ ಹೇಳಿಕೊಂಡೆ. "ಸ್ವಾಮಿ, ನಾನು ಯಾರಿಗೂ ನಿಲ್ಲುತ್ತಿಲ್ಲ" ಅನ್ನುವ ಮಾತು ತಾನಾಗಿ ಬಂತು. ಆಮೇಲೆ ಮಾತು ಬರಲಿಲ್ಲ.

ಆ ಮಾತಿಲ್ಲದ ಹೊತ್ತೇ ನಾಲ್ಕನೆಯದು, ಮೌನ ದರ್ಶನ. ವಿವರಿಸಲು ಕಷ್ಟ. ಅವರೆ ಕಾಲದಲ್ಲಿ ಅಮ್ಮನ ಪಕ್ಕ ಕೂತು ನೆನೆಸಿದ ಕಾಳು ಹಿದುಕುವಾಗ ಇಬ್ಬರೂ ಗಂಟೆಗಟ್ಟಲೆ ಮಾತಾಡದೆ ಇರುತ್ತೇವಲ್ಲ, ಅದು ಅದರ ಹತ್ತಿರ ಬರುತ್ತದೆ.

ಅವತ್ತು ಸಂಜೆ ಬೀದಿ ತುದಿಯ ಇಸ್ತ್ರಿ ಗಾಡಿಯ ಅಣ್ಣ "ಮೇಡಂ, ಒಂದ್ನಿಮಿಷ" ಅಂದರು. ಬೇರೆ ದಿನವಾಗಿದ್ದರೆ ನಾಳೆ ಬರ್ತೀನಿ ಅಂತ ಹೋಗಿಬಿಡುತ್ತಿದ್ದೆ. ನಿಂತೆ. ಮಗಳ ಸ್ಕೂಲಿನಿಂದ ಬಂದ ಇಂಗ್ಲಿಷ್ ಕಾಗದ ಓದಿ ಹೇಳಬೇಕಿತ್ತು, ಅಷ್ಟೇ. ಪೋಪ್ 16ನೇ ಬೆನೆಡಿಕ್ಟ್ 2010ರಲ್ಲಿ ಈ ಓದಿನ ಬಗ್ಗೆ ಬರೆಯುವಾಗ, ಅದು ನಡೆನುಡಿಗೆ ಇಳಿಯುವವರೆಗೆ ಮುಗಿದಂತಲ್ಲ ಅಂದಿದ್ದರು.

ವಿವೇಕನಗರದ ಬಾಲಯೇಸು ಚರ್ಚಿಗೆ ಗುರುವಾರ ನೊವೆನಾಗೆ (ಒಂಬತ್ತು ಸಲ ಮಾಡುವ ಪ್ರಾರ್ಥನೆಗೆ) ಹೋಗುವವರು ಅದನ್ನು ಬಿಟ್ಟು ಇದನ್ನು ಹಿಡಿಯಬೇಕು ಅಂತಲ್ಲ. ನೊವೆನಾ, ಜಪಸರ ನಮ್ಮನ್ನು ಬೆಳೆಸಿದ ಪ್ರಾರ್ಥನೆಗಳು. ಅಲ್ಲಿ ನಾವು ಜಾಸ್ತಿ ಮಾತಾಡುತ್ತೇವೆ, ಇಲ್ಲಿ ಜಾಸ್ತಿ ಕೇಳಿಸಿಕೊಳ್ಳುತ್ತೇವೆ. ನನಗೆ ಎರಡೂ ಬೇಕು.

ಬೈಬಲ್ ಕನ್ನಡದ್ದೇ ಇರಲಿ, ಇಂಗ್ಲಿಷಿನಲ್ಲಿ ಓದಿ ರೂಢಿ ಇದ್ದವರಿಗೂ ಇದನ್ನೇ ಹೇಳುತ್ತೇನೆ, ಯಾಕೆಂದರೆ ಮೆಲುಕು ಹಾಕಲು ನಾಲಿಗೆಗೆ ಪರಿಚಯದ ಮಾತು ಬೇಕು. ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಯಲ್ಲಿ ಸಿಗುತ್ತದೆ. "ಯೆಹೋವನು ನನಗೆ ಕುರುಬನು" ಅನ್ನುವ ಹಳೇ ಅನುವಾದವನ್ನು ಒಮ್ಮೆ ಬಾಯಿಬಿಟ್ಟು ಓದಿ ನೋಡಿ. ನಗರದ ಗದ್ದಲದಿಂದ ದೂರ ಕೂರಬೇಕು ಅನ್ನಿಸಿದರೆ ಮೈಸೂರು ರಸ್ತೆ ಕಡೆ ಆಶೀರ್ವನಂ ಇದೆ, ಬೆನೆಡಿಕ್ಟರ ನಿಯಮವನ್ನೇ ಪಾಲಿಸುವ ಸನ್ಯಾಸಿಗಳ ಮಠ.

ಏನೂ ಅನ್ನಿಸದ ದಿನಗಳೂ ಬರುತ್ತವೆ. 16ನೇ ಶತಮಾನದ ಸ್ಪೇನಿನ ಸನ್ಯಾಸಿನಿ, ಆವಿಲಾದ ಸಂತ ತೆರೇಸಾ ಅವರಂಥವರೇ 18 ವರ್ಷ ಪುಸ್ತಕ ಕೈಯಲ್ಲಿಲ್ಲದೆ ಪ್ರಾರ್ಥನೆಗೆ ಕೂರಲು ಧೈರ್ಯ ಮಾಡುತ್ತಿರಲಿಲ್ಲ ಅಂತ ತಾವೇ ಬರೆದುಕೊಂಡಿದ್ದಾರೆ. ಮನಸ್ಸು ಓಡಿದರೆ ಮತ್ತೆ ಸಾಲಿಗೆ ಬನ್ನಿ.

ಇವತ್ತೇ ಶುರು ಮಾಡುವುದಾದರೆ ಮಾರ್ಕ 10:46ರಿಂದ 52. ಏಳೇ ವಚನ. ಮೊಬೈಲ್ ಇನ್ನೊಂದು ರೂಮಿನಲ್ಲಿಟ್ಟು, ನಿಮ್ಮ ಕಿವಿಗೆ ಕೇಳುವಷ್ಟು ಸದ್ದು ಮಾಡಿ ಓದಿ, ಯಾವ ಪದ ತಡೆದು ನಿಲ್ಲಿಸುತ್ತದೋ ಅಲ್ಲೇ ಇರಿ.