ಹಬ್ಬಕ್ಕೆ ಬರುವ ಮಗುವಿಗೆ ಮೊದಲ ವಾರ ಬಿಟ್ಟುಕೊಡಿ

ದೀಪಾವಳಿಗೆ ಇನ್ನೆರಡು ತಿಂಗಳಿದೆ ಅನ್ನುವಾಗಲೇ ನನ್ನ ಕ್ಲಿನಿಕ್‌ಗೆ ಒಂದು ಬಗೆಯ ಫೋನ್ ಬರಲು ಶುರುವಾಗುತ್ತದೆ. ಡಲ್ಲಾಸ್‌ನಿಂದ, ಲಂಡನ್‌ನಿಂದ, ದುಬೈನಿಂದ. ಕೆಲವೊಮ್ಮೆ ತೀರ್ಥಹಳ್ಳಿ ಕಡೆಯ ಅಜ್ಜಿಯೇ ಮಾಡುತ್ತಾರೆ. "ಮೊಮ್ಮಗು ಬರ್ತಿದೆ ಡಾಕ್ಟ್ರೇ, ಯಾವ ಔಷಧಿ ತಂದಿಟ್ಕೊಳ್ಳಲಿ?" ನಾನು ಮೊದಲು ಕೇಳುವುದು ಔಷಧಿಯ ವಿಷಯವಲ್ಲ. ವಿಮಾನ ಇಳಿಯುವುದು ಯಾವತ್ತು, ಹಬ್ಬ ಯಾವತ್ತು ಅಂತ.

ಎಷ್ಟೋ ಮನೆಗಳಲ್ಲಿ ಉತ್ತರ ಒಂದೇ: ಹಬ್ಬದ ಹಿಂದಿನ ದಿನ. ರಜೆ ಸಿಕ್ಕಿರುವುದೇ ಅಷ್ಟು ಅನ್ನುತ್ತಾರೆ. ಆದರೂ ಹೇಳುತ್ತೇನೆ, ಆಗುವುದಾದರೆ ಹಬ್ಬಕ್ಕೆ ಐದಾರು ದಿನ ಮೊದಲೇ ಬನ್ನಿ. ಅಷ್ಟೂ ದಿನ ಒಂದೇ ಮನೆಯಲ್ಲಿ ಇರಿ. ಹಬ್ಬದ ಹೊತ್ತಿಗೆ ನನ್ನ ಹತ್ತಿರ ಬರುವ ವಿದೇಶದ ಮಕ್ಕಳಲ್ಲಿ ಹೆಚ್ಚಿನವರಿಗೆ ಊರಿನ ನೀರು ಒಗ್ಗದೆ ಕಾಯಿಲೆ ಬಂದಿರುವುದಿಲ್ಲ. ನಿದ್ದೆಯಿಲ್ಲ, ಸರಿಯಾಗಿ ಊಟವಿಲ್ಲ, ನಾಲ್ಕು ದಿನದಲ್ಲಿ ನಾಲ್ಕು ಮನೆ ಸುತ್ತಿದ್ದಾರೆ. ಮಗು ಸೋತುಹೋಗಿರುತ್ತದೆ, ಅಷ್ಟೇ.

ಗಡಿಯಾರದ ಲೆಕ್ಕ ನೋಡಿ. ಅಕ್ಟೋಬರ್‌ನಲ್ಲಿ ಡಲ್ಲಾಸ್‌ಗೂ ನಮಗೂ ಹತ್ತೂವರೆ ಗಂಟೆ ವ್ಯತ್ಯಾಸ. ಇಲ್ಲಿ ನಡುರಾತ್ರಿ ಹನ್ನೆರಡು ಅಂದರೆ ಮಗುವಿನ ಮೈಗೆ ಮಧ್ಯಾಹ್ನ ಒಂದೂವರೆ. ಮೈಯ ಒಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ಹಾಗಾಗಿ ಅಮೆರಿಕದಿಂದ ಬಂದ ಮಗು ಪೂರ್ತಿ ಹೊಂದಿಕೊಳ್ಳಲು ಒಂದು ವಾರದಿಂದ ಹತ್ತು ದಿನ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ದುಬೈನಿಂದ ಬಂದವರಿಗೆ ಒಂದೂವರೆ ಗಂಟೆಯ ವ್ಯತ್ಯಾಸ, ಅದು ದೊಡ್ಡ ವಿಷಯವೇ ಅಲ್ಲ.

ರಾತ್ರಿ ಎರಡು ಗಂಟೆಗೆ ಎದ್ದು ಕೂತ ಮಗುವನ್ನು ಗದರಿಸಬೇಡಿ. ಅದಕ್ಕೆ ನಿಜಕ್ಕೂ ಹಸಿವಾಗಿರುತ್ತದೆ. ಬಾಳೆಹಣ್ಣು, ಸ್ವಲ್ಪ ಗಂಜಿ, ಇಲ್ಲವೇ ಅದಕ್ಕೆ ಅಭ್ಯಾಸವಿರುವ ಬ್ರೆಡ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡು ಮಲಗಿ. ದೊಡ್ಡ ಲೈಟ್ ಹಾಕಬೇಡಿ, ಮೊಬೈಲ್ ಕೊಡಬೇಡಿ. ಹಗಲಲ್ಲಿ ಅಂಗಳಕ್ಕೆ ಬಿಡಿ, ಬಿಸಿಲು ಬೀಳಲಿ. ಮಧ್ಯಾಹ್ನದ ನಿದ್ದೆ ಒಂದೂವರೆ ಎರಡು ಗಂಟೆ ಮೀರಿದರೆ ಎಬ್ಬಿಸಿ. ಅಳುತ್ತದೆ, ಅಳಲಿ, ಎತ್ತಿಕೊಂಡು ಹೊರಗೆ ಹೋಗಿ. ನಿದ್ದೆ ಬರಲಿ ಅಂತ ಶೀತದ ಸಿರಪ್ ಹಾಕುವುದು ಮಾತ್ರ ಬೇಡವೇ ಬೇಡ. ಕೆಲವು ಮಕ್ಕಳು ಅದರಿಂದ ಮಲಗುವ ಬದಲು ಇನ್ನಷ್ಟು ರಚ್ಚೆ ಹಿಡಿಯುತ್ತಾರೆ.

ಇನ್ನು ದೇವನಹಳ್ಳಿಯಿಂದ ಮನೆಯವರೆಗಿನ ದಾರಿ. ನನಗೆ ಹೆಚ್ಚು ಚಿಂತೆ ಇರುವುದು ಇದರ ಬಗ್ಗೆಯೇ. ವಿದೇಶದ ಎಷ್ಟೋ ವಿಮಾನಗಳು ನಡುರಾತ್ರಿ ಇಳಿಯುತ್ತವೆ. ಮನೆಯವರು ಕಾರು ಕಳಿಸಿರುತ್ತಾರೆ. ತುಮಕೂರು, ಅರಸೀಕೆರೆ, ಕಡೂರು ದಾಟಿ ಶಿವಮೊಗ್ಗಕ್ಕೆ ಸುಮಾರು 300 ಕಿಲೋಮೀಟರ್. ಡ್ರೈವರ್ ಹಿಂದಿನ ಸಂಜೆಯೇ ಊರು ಬಿಟ್ಟು ಬಂದವನು. ಬೆಳಗಿನ ಜಾವ ಅವನ ಕಣ್ಣು ಎಳೆಯುತ್ತಿರುತ್ತದೆ. ವಿದೇಶದಲ್ಲಿ ಒಂದು ದಿನವೂ ಕಾರ್ ಸೀಟ್ (ಮಕ್ಕಳನ್ನು ಬೆಲ್ಟ್ ಕಟ್ಟಿ ಕೂರಿಸುವ ಪುಟ್ಟ ಕುರ್ಚಿ) ಇಲ್ಲದೆ ಕೂರದ ಮಗು ಇಲ್ಲಿ ಮುಂದಿನ ಸೀಟಿನಲ್ಲಿ ಅಪ್ಪನ ತೊಡೆ ಮೇಲೆ. ದಯವಿಟ್ಟು ಹೀಗೆ ಮಾಡಬೇಡಿ. ಕಾರ್ ಸೀಟ್ ಹೊತ್ತು ತನ್ನಿ, ಬಹುತೇಕ ಏರ್‌ಲೈನ್‌ಗಳು ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ. ರಾತ್ರಿ ಬೆಂಗಳೂರಿನಲ್ಲೇ ಮಲಗಿ, ಹಗಲಲ್ಲಿ ಹೊರಡಿ. ರೈಲಿದೆ. 2023ರಿಂದ ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಇದೆ. ಸೀಟು ಸಿಕ್ಕರೆ ಪುಟ್ಟ ಮಕ್ಕಳಿಗೆ ಅದಕ್ಕಿಂತ ಸುಖ ಇನ್ನೊಂದಿಲ್ಲ.

ಲಸಿಕೆಗೆ ಆರೆಂಟು ವಾರ ಮೊದಲೇ ಅಲ್ಲಿನ ಡಾಕ್ಟರನ್ನು ಕಾಣಿ. ಆರು ತಿಂಗಳಿಂದ ಹನ್ನೊಂದು ತಿಂಗಳ ಕೂಸು ಪ್ರಯಾಣ ಮಾಡುವುದಿದ್ದರೆ ದಡಾರದ ಒಂದು ಡೋಸನ್ನು ಅಮೆರಿಕದಲ್ಲಿ ಮುಂಚೆಯೇ ಕೊಡುತ್ತಾರೆ, ಕೇಳಿ ಹಾಕಿಸಿ. ಟೈಫಾಯಿಡ್‌ಗೆ ಆರು ತಿಂಗಳಿಂದಲೇ ಕೊಡಬಹುದಾದ ಲಸಿಕೆ ನಮ್ಮಲ್ಲಿದೆ. ಆದರೆ ಬಂದಿಳಿದ ದಿನ ಹಾಕಿಸಿದರೆ ಅದರ ರಕ್ಷಣೆ ಸಿಗುವ ಹೊತ್ತಿಗೆ ಹಬ್ಬ ಮುಗಿದಿರುತ್ತದೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ವಿಡಿಯೋ ಕಾಲ್‌ನಲ್ಲಿ ದಿನಾ ನಗುತ್ತಿದ್ದ ಮಗು ಎದುರಿಗೆ ಬಂದಾಗ ಚೀರಿ ಅಮ್ಮನ ಕುತ್ತಿಗೆ ತಬ್ಬುತ್ತದೆ. "ನಮ್ಮ ಹತ್ರ ಬರೋದೇ ಇಲ್ಲ ಡಾಕ್ಟ್ರೇ" ಅಂತ ಕಣ್ಣಲ್ಲಿ ನೀರು ತಂದುಕೊಂಡ ಅಜ್ಜಿಯರನ್ನು ಪ್ರತಿ ಹಬ್ಬದಲ್ಲೂ ನೋಡುತ್ತೇನೆ. ಎಂಟು ತಿಂಗಳಿಂದ ಎರಡು ವರ್ಷದ ಮಕ್ಕಳಲ್ಲಿ ಇದು ಸಹಜ. ಪರದೆಯ ಮೇಲಿನ ಮುಖಕ್ಕೆ ವಾಸನೆ ಇಲ್ಲ, ತೂಕ ಇಲ್ಲ. ಮಗುವಿಗೆ ನೀವು ಹೊಸಬರು. ಕೈ ಚಾಚಿ ಕಿತ್ತುಕೊಳ್ಳಬೇಡಿ. ಜಗಲಿಯಲ್ಲಿ ನೆಲದ ಮೇಲೆ ಕೂತು ನಿಮ್ಮ ಪಾಡಿಗೆ ಏನಾದರೂ ಮಾಡುತ್ತಿರಿ. ಹತ್ತಿ ಹಿಂಜಿ ಹೂಬತ್ತಿ ಹೊಸೆಯಿರಿ, ಚೆಂಡುಹೂವಿನ ಸರ ಕಟ್ಟಿ. ಅರ್ಧ ಗಂಟೆಯಲ್ಲಿ ಒಂದು ಪುಟ್ಟ ಕೈ ಹೂವಿನ ಬುಟ್ಟಿಗೆ ಬರುತ್ತದೆ. ಆಗಲೂ ಎತ್ತಿಕೊಳ್ಳಬೇಡಿ, ಒಂದು ಹೂವು ಕೊಡಿ. ಸ್ವಲ್ಪ ದೊಡ್ಡ ಮಕ್ಕಳಿಗೆ ಕೆಲಸ ಹಚ್ಚಿ. ಕರುವಿಗೆ ಹುಲ್ಲು ಹಾಕುವುದು, ಗೋಪೂಜೆಗೆ ಅಡಿಕೆ ಸರ ಪೋಣಿಸುವುದು. ಭಾಷೆ ಬಾರದಿದ್ದರೂ ನಡೆಯುತ್ತದೆ. ನೆಂಟರಿಷ್ಟರು ಗುಂಪಾಗಿ ಬರುವುದನ್ನು ಎರಡು ದಿನ ತಡೆಯಿರಿ. ಕೆಮ್ಮು ನೆಗಡಿ ಇರುವವರು ಕೂಸಿಗೆ ಮುತ್ತು ಕೊಡದೆ ದೂರದಿಂದಲೇ ಮಾತಾಡಿಸಲಿ.

ಮನೆಯೊಳಗೆ ನಾನು ಹೆದರುವುದು ಬಚ್ಚಲು ಮನೆಗೆ. ನೀರು ತುಂಬುವ ಹಬ್ಬದ ಮಾರನೇ ದಿನ ಬೆಳಗಾಗುವ ಮೊದಲೇ ಹಂಡೆ ಕಾಯುತ್ತಿರುತ್ತದೆ. ನೆಲ ಎಣ್ಣೆಯಿಂದ ಜಾರುತ್ತದೆ. ವಿದೇಶದಲ್ಲಿ ನಲ್ಲಿ ತಿರುಗಿಸಿ ಹದವಾದ ನೀರು ಕಂಡ ಮಗುವಿಗೆ ಹಂಡೆ ಅಂದರೇನು ಅಂತ ಗೊತ್ತಿಲ್ಲ. ಬಕೆಟ್‌ಗೆ ಯಾವಾಗಲೂ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮಗುವನ್ನು ಕರೆಯುವುದು ನೀರು ಹದ ಮಾಡಿ ಆದಮೇಲೆ. ಎಣ್ಣೆ ಮೈಗೆ ಹಚ್ಚಿ, ಸಂತೋಷ. ಮೂಗಿಗೆ, ಕಿವಿಗೆ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬೇಡಿ. ಆ ಹೊತ್ತಿಗೆ ಕೆಲವು ಕಡೆ ಅಡಿಕೆ ಕೊಯ್ಲೂ ಶುರುವಾಗಿ ಅಂಗಳದ ಒಲೆ ಮೇಲೆ ಅಡಿಕೆ ಬೇಯುತ್ತಿರುತ್ತದೆ. ಓಡಾಡುವ ಮಕ್ಕಳನ್ನು ಆ ಕಡೆ ಬಿಡಲೇಬಾರದು. ನೆಲಕ್ಕೆ ಬಿದ್ದ ಅಡಿಕೆ ಚೂರು, ಶೇಂಗಾ ಬೀಜ ತೆವಳುವ ಮಗುವಿನ ಬಾಯಿಗೆ ಹೋಗಿ ಉಸಿರುನಾಳದಲ್ಲಿ ಸಿಕ್ಕಿಕೊಳ್ಳಬಹುದು. ಪಟಾಕಿಯಿಂದಲೋ ನೀರಿನಿಂದಲೋ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್ ಬೇಡ, ಅರಿಶಿನ ಬೇಡ.

ಊಟದ ವಿಷಯದಲ್ಲಿ ಜನ ಹೆದರುವಷ್ಟು ಹೆದರಬೇಕಿಲ್ಲ. ಹಬೆಯಲ್ಲಿ ಬೆಂದ ಬಿಸಿ ಕಡುಬು, ಈಗಷ್ಟೇ ಇಳಿಸಿದ ಅನ್ನ ಸಾರು ಮಗುವಿಗೆ ಏನೂ ಮಾಡುವುದಿಲ್ಲ. ತೊಂದರೆ ಬರುವುದು ಕಾಯಿಸದ ನೀರು ಸೇರಿದ ಮಜ್ಜಿಗೆ, ಪಾನಕ, ಚಟ್ನಿಯಿಂದ. ಭೇದಿಯಾದರೆ ಓಆರ್‌ಎಸ್ ಪ್ಯಾಕೆಟ್ ತನ್ನಿ. ಅದರ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಕಲಸಿ. ಒಂದು ಲೀಟರ್‌ನ ಪ್ಯಾಕೆಟ್ಟೂ ಇದೆ, 200 ಮಿಲಿಯದ್ದೂ ಇದೆ, ಅದಲುಬದಲಾದರೆ ಉಪ್ಪು ಹೆಚ್ಚಾಗಿ ಅಪಾಯ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಗೆ 50ರಿಂದ 100 ಮಿಲಿ, ಚಮಚದಲ್ಲಿ, ನಿಧಾನಕ್ಕೆ. ಸಿಹಿ ಪಾನೀಯದ ಡಬ್ಬಿಗಳು ಓಆರ್‌ಎಸ್ ಅಲ್ಲ. ಅವುಗಳ ಹೆಸರಿನಲ್ಲಿ ಆ ಪದ ಇರಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶಿಸಿತು. ಆರೆಂಟು ಗಂಟೆ ಉಚ್ಚೆ ಹೋಗದಿದ್ದರೆ, ಕಣ್ಣು ಗುಳಿ ಬಿದ್ದರೆ, ಮಂಕಾದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಬನ್ನಿ.

ಜ್ವರದ ಔಷಧಿಯಲ್ಲಿ ಒಂದು ಎಡವಟ್ಟು ಮತ್ತೆ ಮತ್ತೆ ಆಗುತ್ತದೆ. ಅಮೆರಿಕದ ಪ್ಯಾರಾಸಿಟಮಾಲ್ ಸಿರಪ್‌ನಲ್ಲಿ 5 ಮಿಲಿಗೆ 160 ಮಿಲಿಗ್ರಾಂ ಇರುತ್ತದೆ. ನಮ್ಮ ಅಂಗಡಿಯಲ್ಲಿ 120, 250 ಎರಡೂ ಸಿಗುತ್ತವೆ. 12 ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ 180 ಮಿಲಿಗ್ರಾಂ ಸಾಕು. ಅಲ್ಲಿನ ಸಿರಪ್ ಆದರೆ ಐದೂವರೆ ಮಿಲಿ, ಇಲ್ಲಿನ 250ರದ್ದು ಆದರೆ ಮೂರೂವರೆ ಮಿಲಿ. "ಅಲ್ಲಿ ಒಂದು ಚಮಚ ಹಾಕ್ತಿದ್ವಿ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಾಟಲಿಯ ಮೇಲಿನ ಅಂಕಿ ಓದಿ, ಮಗುವಿನ ತೂಕ ನೆನಪಿಟ್ಟುಕೊಳ್ಳಿ.

ಶೃಂಗೇರಿ, ಹೊರನಾಡು, ಧರ್ಮಸ್ಥಳ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸುವ ಆಸೆ ಇರುತ್ತದೆ ಅಲ್ವಾ? ಎರಡು ವರ್ಷ ದಾಟಿದ ಮಕ್ಕಳು ಘಾಟಿಯ ತಿರುವಿನಲ್ಲಿ ವಾಂತಿ ಮಾಡುವುದು ಜಾಸ್ತಿ. ಒಂದು ಜಾಗ ಆರಿಸಿಕೊಳ್ಳಿ. ಉಳಿದ ಹರಕೆ ಮುಂದಿನ ಸಲಕ್ಕಿರಲಿ. ಬೀದಿ ನಾಯಿ ಮುಟ್ಟುವುದು ಬೇಡ ಅಂತ ಬಂದ ದಿನವೇ ಹೇಳಿ. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಬನ್ನಿ.

ಕಾಡಿನ ಅಂಚಿನ ಮನೆಗಳಿಗೆ ಬರುವವರು ಮಂಗನ ಕಾಯಿಲೆಯ ಬಗ್ಗೆ ತಿಳಿದಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಜ್ವರದ ಕಾಯಿಲೆ ಇದು, ಉಣುಗಿನಿಂದ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಪುಟ್ಟ ಹುಳದಿಂದ ಬರುತ್ತದೆ. ಮಳೆ ನಿಂತಮೇಲೆ ಶುರುವಾಗಿ ಬೇಸಿಗೆಯವರೆಗೂ ಇರುತ್ತದೆ. ಹಾಗಾಗಿ ದೀಪಾವಳಿಗೆ ಬಂದವರಿಗಿಂತ ಕ್ರಿಸ್‌ಮಸ್ ರಜೆಗೆ ಬರುವವರು ಹೆಚ್ಚು ಎಚ್ಚರ ಇರಬೇಕು. ಹಳೆಯ ಲಸಿಕೆಯನ್ನು ನಿಲ್ಲಿಸಲಾಗಿದೆ. ಮಕ್ಕಳು ಕಾಡಿನ ದರಗಿನ (ಉದುರಿದ ಒಣ ಎಲೆಯ) ಮೇಲೆ ಕೂರದಿರಲಿ. ಸುತ್ತಾಡಿ ಬಂದಮೇಲೆ ಬಟ್ಟೆ ಬದಲಿಸಿ, ಸ್ನಾನ ಮಾಡಿಸಿ, ಕಿವಿಯ ಹಿಂದೆ, ಕಂಕುಳು, ತೊಡೆಸಂದು ನೋಡಿ. ಡೆಂಗಿ ಸೊಳ್ಳೆ ಕಚ್ಚುವುದು ಹಗಲಲ್ಲಿ, ತುಂಬುತೋಳಿನ ಬಟ್ಟೆ ಹಾಕಿ.

ವಾಪಸ್ ಹೋದಮೇಲೆ ಮಗುವಿಗೆ ಜ್ವರ ಬಂದರೆ ಅಲ್ಲಿನ ಡಾಕ್ಟರಿಗೆ ಬರೀ "ಇಂಡಿಯಾಕ್ಕೆ ಹೋಗಿದ್ವಿ" ಅಂದರೆ ಸಾಲದು. ಶಿವಮೊಗ್ಗ ಜಿಲ್ಲೆಯ ಕಾಡಿನ ಊರು, ಇಂಥ ದಿನದಿಂದ ಇಂಥ ದಿನದವರೆಗೆ ಇದ್ದೆವು ಅಂತ ಹೇಳಿ. ಮಂಗನ ಕಾಯಿಲೆ, ಡೆಂಗಿ ಹೆಚ್ಚೆಂದರೆ ಹತ್ತು ಹದಿನಾಲ್ಕು ದಿನದೊಳಗೆ ಕಾಣಿಸಿಕೊಳ್ಳುತ್ತವೆ. ಟೈಫಾಯಿಡ್‌ಗೆ ಮೂರು ವಾರವೂ ಹಿಡಿಯಬಹುದು. ದಿನಾಂಕ ಸರಿಯಾಗಿ ಗೊತ್ತಿದ್ದರೆ ಯಾವ ರಕ್ತ ಪರೀಕ್ಷೆ ಮಾಡಿಸಬೇಕು ಅಂತ ಅವರಿಗೆ ಬೇಗ ತಿಳಿಯುತ್ತದೆ.