ಮೂನ್‌ಕೇಕ್: ಹಂಚಿ ತಿನ್ನುವ ಸಿಹಿಗೆ ಡಬ್ಬಿಯದೇ ಭಾರವಾದ ಬಗೆ

ಚೀನೀ ಪಂಚಾಂಗದ ಎಂಟನೇ ತಿಂಗಳ ಹುಣ್ಣಿಮೆಗೆ ಶರತ್ಕಾಲದ ಹಬ್ಬ. ಹೆಚ್ಚಿನ ವರ್ಷಗಳಲ್ಲಿ ನಮ್ಮ ಅನಂತನ ಹುಣ್ಣಿಮೆಯೂ ಅದೇ. ಹೂರಣ ತುಂಬಿ ಬೇಯಿಸಿದ ಗುಂಡಗಿನ ಮೂನ್‌ಕೇಕ್ ಆ ಹಬ್ಬದ ಸಿಹಿ. ಹಬ್ಬ ಹತ್ತಿರವಾದಂತೆ ಅಲ್ಲಿನ ಸುದ್ದಿಯಲ್ಲಿ ಅದರ ಬೆಲೆ, ಡಬ್ಬಿ, ಅಧಿಕಾರಿಗಳ ತಪಾಸಣೆ ಇವುಗಳದ್ದೇ ಮಾತು. ಒಂದು ಸಿಹಿಯನ್ನು ಎಷ್ಟು ಪದರಗಳಲ್ಲಿ ಸುತ್ತಬೇಕು ಎಂದು ಸರ್ಕಾರವೇ ಹೇಳುವ ಸ್ಥಿತಿ ಒಂದೆರಡು ವರ್ಷದಲ್ಲಿ ಬಂದದ್ದಲ್ಲ.

ಸುಗ್ಗಿ ಮತ್ತು ಚಂದ್ರಪೂಜೆಯಿಂದ ಬೆಳೆದ ಹಬ್ಬವಿದು. 16ನೇ ಶತಮಾನದ ಹೊತ್ತಿಗೆ ಹಾಂಗ್‌ಝೌ ನಗರದ ಜನ ಅಂದು ಮೂನ್‌ಕೇಕ್‌ಗಳನ್ನು ಒಬ್ಬರಿಗೊಬ್ಬರು ಕಳಿಸುತ್ತಿದ್ದರು, ಅದು ಮನೆಮಂದಿ ಒಂದಾಗುವುದರ ಗುರುತು ಎಂಬ ಬರಹ ಸಿಗುತ್ತದೆ. ಅಂದರೆ ಉಡುಗೊರೆ ಕೊಡುವುದು ಈ ಕಾಲದ ಕೆಡುಕಲ್ಲ, ಶತಮಾನಗಳಷ್ಟು ಹಳೆಯದು. ಚೀನಾವನ್ನು ಆಳುತ್ತಿದ್ದ ಮಂಗೋಲರ ವಿರುದ್ಧದ ದಂಗೆಗೆ ಇದರೊಳಗೆ ಚೀಟಿ ಬಚ್ಚಿಟ್ಟು ಹಂಚಿದರೆಂಬ ಕಥೆ ಬಲು ಜನಪ್ರಿಯ, ಆದರೆ ಆ ಕಾಲದ ದಾಖಲೆಗಳ ಆಧಾರ ಅದಕ್ಕಿಲ್ಲ. ಗುಂಡಗಿನ ಆಕಾರ ಪೂರ್ಣಚಂದ್ರನದು, ಒಳಗೆ ಕೂತ ಉಪ್ಪಿನ ಬಾತುಮೊಟ್ಟೆಯ ಹಳದಿ ಇನ್ನೊಂದು ಚಂದ್ರ. ಅರ್ಥ ಪೂರ್ತಿಯಾಗುವುದು ಮಾತ್ರ ಕತ್ತರಿಸಿದಾಗಲೇ. ಹಳೆಯ ಪದ್ಧತಿಯಲ್ಲಿ ಮನೆಯಲ್ಲಿರುವವರನ್ನೂ ಪರವೂರಿನಲ್ಲಿರುವವರನ್ನೂ ಸೇರಿಸಿ ಎಣಿಸಿ, ಅಷ್ಟೇ ಹೋಳು ಮಾಡುತ್ತಿದ್ದರು. ಒಂದು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು.

ನಾಡಿಗೊಂದು ಬಗೆ ಇದೆ. ಸೂಝೌ ಕಡೆಯದು ಪದರು ಪದರಾಗಿ ಉದುರುತ್ತದೆ, ಯುನ್ನಾನ್‌ನಲ್ಲಿ ಹ್ಯಾಮ್ (ಉಪ್ಪುಹಾಕಿ ಕಾಪಿಟ್ಟ ಹಂದಿಮಾಂಸ) ತುಂಬುತ್ತಾರೆ. ಹೊರದೇಶದವರಿಗೆ ಹೆಚ್ಚು ಗೊತ್ತಿರುವುದು ದಕ್ಷಿಣದ ಗುವಾಂಗ್‌ಡಾಂಗ್‌ನದು. ಅದರ ಕಣಕಕ್ಕೆ 100 ಗ್ರಾಂ ಮೈದಾ, 70ರಿಂದ 75 ಗ್ರಾಂ ಸಕ್ಕರೆ ಪಾಕ, 25 ಗ್ರಾಂ ಕಡಲೆಕಾಯಿ ಎಣ್ಣೆ, ಸುಮಾರು 2 ಗ್ರಾಂ ಕ್ಷಾರದ ನೀರು. ಪಾಕ ಹರಳುಗಟ್ಟದಿರಲೆಂದು ನಿಂಬೆರಸ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ, ವಾರಗಟ್ಟಲೆ ಇಟ್ಟು ಬಳಸುತ್ತಾರೆ. ಆ ಹುಳಿಯನ್ನು ತಗ್ಗಿಸಿ ಬಣ್ಣ ಬರಿಸುವುದು ಕ್ಷಾರದ ಕೆಲಸ: ಕಡಿಮೆಯಾದರೆ ಸಿಪ್ಪೆ ಬಿಳಿಚಿಕೊಳ್ಳುತ್ತದೆ, ಹೆಚ್ಚಾದರೆ ಕಪ್ಪಾಗಿ ಕಹಿಯಾಗುತ್ತದೆ. ಕಣಕ ಎರಡು ಪಾಲಾದರೆ ತಾವರೆ ಬೀಜದ ಹೂರಣ ಎಂಟು ಪಾಲು, ನಮ್ಮ ಒಳ್ಳೆಯ ಹೋಳಿಗೆಯ ಹಾಗೆ. ಹೂರಣದಲ್ಲಿ ನೀರಿನಂಶ ಉಳಿದಿದ್ದರೆ ಒಲೆಯಲ್ಲಿ ಆವಿಯಾಗಿ ಬದಿ ಉಬ್ಬುತ್ತದೆ, ಬಿರಿಯುತ್ತದೆ. 200 ಡಿಗ್ರಿಯಲ್ಲಿ ಐದು ನಿಮಿಷ ಬೇಯಿಸಿ ಹೊರತೆಗೆದು, ತೆಳುವಾಗಿ ಮೊಟ್ಟೆ ಸವರಿ, 180 ಡಿಗ್ರಿಯಲ್ಲಿ ಇನ್ನೊಂದು ಹದಿನೈದು ನಿಮಿಷ. ಮೊಟ್ಟೆ ದಪ್ಪವಾದರೆ ಅಚ್ಚಿನ ಚಿತ್ತಾರವೆಲ್ಲ ಮುಚ್ಚಿಹೋಗುತ್ತದೆ. ಆಗಷ್ಟೇ ಬೆಂದದ್ದು ಗಟ್ಟಿ. ಎರಡು ಮೂರು ದಿನ ಇಟ್ಟರೆ ಹೂರಣದ ಎಣ್ಣೆ ಸಿಪ್ಪೆಗೆ ಇಳಿದು ಮೆತ್ತಗಾಗಿ ಹೊಳೆಯುತ್ತದೆ.

ಇಷ್ಟು ಕೆಲಸ ಬೇಡುವ ತಿಂಡಿ ಅಂಗಡಿಯ ಪಾಲಾದದ್ದು ಸಹಜ. ಹಾಂಗ್‌ಕಾಂಗಿನಲ್ಲಿ ಬೇಕರಿಗಳು ವರ್ಷವಿಡೀ ತಿಂಗಳ ಕಂತು ಕಟ್ಟಿಸಿಕೊಂಡು ಹಬ್ಬಕ್ಕೆ ಡಬ್ಬಿ ಕೊಡುವ ಚೀಟಿ ನಡೆಸುತ್ತಿದ್ದವು. ಚೀನಾದಲ್ಲಿ ಆರ್ಥಿಕ ಸುಧಾರಣೆ ಬಂತು, ಕೈಯಲ್ಲಿ ಹಣ ಓಡಾಡಿತು, ಕಚೇರಿ ಮತ್ತು ಕಂಪನಿಗಳು ಸಗಟಾಗಿ ಕೊಳ್ಳತೊಡಗಿದವು. ಜೊತೆಗೇ, ಅಂಗಡಿಗೆ ಕೊಟ್ಟು ಮೂನ್‌ಕೇಕ್ ಪಡೆಯುವ ಕೂಪನ್ ಬಂತು. ಲೆಕ್ಕ ಹೀಗೆ: 100 ಯುವಾನ್ ಮುಖಬೆಲೆಯ ಕೂಪನನ್ನು ಕಾರ್ಖಾನೆ 65ಕ್ಕೆ ವ್ಯಾಪಾರಿಗೆ ಮಾರುತ್ತದೆ, ಆತ 80ಕ್ಕೆ ಕಂಪನಿಗೆ. ಕಂಪನಿ ಅದನ್ನು ಉಡುಗೊರೆ ಕೊಡುತ್ತದೆ. ಪಡೆದವರಿಗೆ ತಿನ್ನುವ ಆಸೆಯಿಲ್ಲ, 40ಕ್ಕೆ ದಲ್ಲಾಳಿಗೆ ಕೊಡುತ್ತಾರೆ. ಅವನಿಂದ ಕಾರ್ಖಾನೆಯೇ 50ಕ್ಕೆ ವಾಪಸ್ ಕೊಳ್ಳುತ್ತದೆ. ಎಲ್ಲರಿಗೂ ದುಡ್ಡು ಸಿಕ್ಕಿತು. ಖರ್ಚು ಬಿದ್ದದ್ದು ಉಡುಗೊರೆ ಕೊಟ್ಟವರಿಗೆ. ಮೂನ್‌ಕೇಕ್ ಮಾತ್ರ ಬೇಯಲೇ ಇಲ್ಲ.

ಕೂಪನ್ ಇಲ್ಲದ ಕಡೆ ಡಬ್ಬಿ ದೊಡ್ಡದಾಯಿತು. ಒಳಗೆ ಮದ್ಯ, ಚಹಾ, ಬೆಲೆಬಾಳುವ ವಸ್ತುಗಳೂ ಸೇರಿದವು. ಹಿಂದಿನ ವರ್ಷದ ಹೂರಣವನ್ನು ಕಾದಿಟ್ಟು ಮತ್ತೆ ತುಂಬಿದ ಪ್ರಕರಣ 2001ರಲ್ಲಿ ಬಯಲಾದಾಗ ಇಡೀ ಉದ್ಯಮದ ಮೇಲೆ ಜನರ ನಂಬಿಕೆ ಅಲುಗಿತು. 2006ರಲ್ಲಿ ಜಾರಿಗೆ ಬಂದ ಮಾನದಂಡ ಪ್ಯಾಕಿಂಗ್ ಖರ್ಚನ್ನು ಕಾರ್ಖಾನೆ ಬೆಲೆಯ 25%ಕ್ಕೆ ಮಿತಿಗೊಳಿಸಿತು. 2013ರಲ್ಲಿ ಸರ್ಕಾರಿ ಹಣದಲ್ಲಿ ಹಬ್ಬದ ಮೂನ್‌ಕೇಕ್ ಉಡುಗೊರೆ ಕೊಡುವುದು ನಿಷಿದ್ಧವಾಯಿತು. 2022ರ ಆಗಸ್ಟ್‌ನಿಂದ ನಿಯಮ ಇನ್ನೂ ಬಿಗಿ: ಮೂರಕ್ಕಿಂತ ಹೆಚ್ಚು ಪದರ ಸಲ್ಲದು, 100 ಯುವಾನ್ ದಾಟಿದ್ದಕ್ಕೆ ಪ್ಯಾಕಿಂಗ್ ಖರ್ಚು ಮಾರಾಟ ಬೆಲೆಯ 15% ಮೀರುವಂತಿಲ್ಲ, ಬೇರೆ ಸಾಮಾನು ಸೇರಿಸುವಂತಿಲ್ಲ, ಬೆಲೆಬಾಳುವ ಲೋಹ ಅಥವಾ ಮರದ ಡಬ್ಬಿ ಮಾಡುವಂತಿಲ್ಲ. 500 ಯುವಾನ್ ದಾಟಿದ ಡಬ್ಬಿಗಳ ಮೇಲೆ ವಿಶೇಷ ನಿಗಾ.

ಡಬ್ಬಿಯ ಅಬ್ಬರ ಇಳಿಯಬೇಕಾದದ್ದೇ. ಆದರೆ ಒಳಗಿನ ತಿಂಡಿಯೂ ಬದಲಾಗಿದೆ ಎಂಬುದರತ್ತ ಗಮನ ಕಡಿಮೆ. ಸುಮಾರು 180 ಗ್ರಾಂ ತೂಗುತ್ತಿದ್ದ, ಎಂಟು ಹೋಳಾಗುತ್ತಿದ್ದ ಮೂನ್‌ಕೇಕಿನ ಪಕ್ಕದಲ್ಲಿ ಈಗ 50 ಗ್ರಾಮಿನವು ಬಂದಿವೆ, ಒಂದೊಂದಕ್ಕೂ ಬೇರೆ ಪ್ಲಾಸ್ಟಿಕ್ ಚೀಲ, ಒಬ್ಬರಿಗೆ ಒಂದು. ಸಕ್ಕರೆ ಮಿತಿ ಬೇಕಾದವರಿಗೆ ಅದು ಅನುಕೂಲವೇ, ಆದರೆ ಚಾಕುವಿಗೆ ಕೆಲಸವಿಲ್ಲ. ಕೊಳ್ಳುವವರು ಡಬ್ಬಿಯ ಹಿಂಬದಿಯನ್ನು ನೋಡುವುದು ಒಳ್ಳೆಯದು: ನಿವ್ವಳ ತೂಕ ಎಷ್ಟು, ಪದಾರ್ಥಗಳ ಪಟ್ಟಿಯಲ್ಲಿ ತಾವರೆ ಬೀಜ ಮೊದಲಿದೆಯೋ ಅಥವಾ ಅಗ್ಗದ ಬಿಳಿ ಬೀನ್ಸ್ ಮೊದಲಿದೆಯೋ, ಹಳದಿ ಒಂದೋ ಎರಡೋ.