ರೇಸ್ ಇರೋದು ಭಾನುವಾರ, ಚಂದಾ ವರ್ಷವಿಡೀ ಯಾಕೆ?

ಓದುಗರ ಪ್ರಶ್ನೆ: ಬ್ರಿಟನ್‌ನ ಸ್ಕೈ ಸ್ಪೋರ್ಟ್ಸ್ ಎಫ್1 ಬರೀ ಕಾರ್ ರೇಸಿಗೆಂದೇ ಇರುವ ಚಾನೆಲ್ ಅಂತೆ. ರೇಸ್ ಇಲ್ಲದ ದಿನ ಅದರಲ್ಲಿ ಏನು ಬರುತ್ತೆ? ದುಡ್ಡು ಕಟ್ಟಿ ನೋಡುವಷ್ಟು ಏನಿದೆ?

ಉತ್ತರ: 2024ರಲ್ಲಿ ನಡೆದದ್ದು 24 ಫಾರ್ಮುಲಾ ಒನ್ (ಎಫ್1) ರೇಸ್. ಮಳೆಯೋ ಅಪಘಾತವೋ ತಡೆಯದಿದ್ದರೆ ಒಂದೊಂದೂ ಎರಡು ಗಂಟೆಯೊಳಗೆ ಮುಗಿಯುತ್ತದೆ. ಅಷ್ಟಕ್ಕೇ ಆದರೆ ಈ ಚಾನೆಲ್ ದುಬಾರಿ. ನನ್ನ ಮಟ್ಟಿಗೆ ಅದರ ಬೆಲೆ ಇರೋದು ಶುಕ್ರವಾರದಲ್ಲಿ.

ಮಾಮೂಲಿ ರೇಸ್ ವಾರದ ಶುಕ್ರವಾರ ಒಂದೊಂದು ಗಂಟೆಯ ಎರಡು ಪ್ರಾಕ್ಟೀಸ್ ಇರುತ್ತವೆ. ಯಾರು ಒಂದು ಸುತ್ತನ್ನು ಬೇಗ ಮುಗಿಸಿದರು ಎಂಬ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಆದರೆ ಆ ಪಟ್ಟಿ ಎಷ್ಟೋ ಸಲ ಕಣ್ಣಿಗೆ ಮಣ್ಣೆರಚುತ್ತದೆ. ಕಡಿಮೆ ಇಂಧನ, ಹೊಸ ಮೆದು ಟೈರ್ ಇದ್ದರೆ ಕಾರು ಸಹಜವಾಗಿಯೇ ಹಾರುತ್ತದೆ. ನೋಡಬೇಕಾದ್ದು ಆಮೇಲೆ. ತಂಡಗಳು ಇಂಧನ ತುಂಬಿಸಿ ಒಂದೇ ಸಮನೆ ಹತ್ತಾರು ಸುತ್ತು ಓಡಿಸುತ್ತವೆ. ಇದಕ್ಕೆ ಲಾಂಗ್ ರನ್ ಅಂತಾರೆ. ಸುತ್ತು ಕಳೆದಂತೆ ಯಾರ ಟೈರ್ ಸವೆದು ಸಮಯ ಜಾರುತ್ತಿದೆ, ಯಾರದ್ದು ಹಾಗೇ ನಿಂತಿದೆ ಎಂದು ಗಮನಿಸಿ. ಭಾನುವಾರದ ರೇಸ್ ಹೇಗಿರಬಹುದು ಎಂಬ ಅಂದಾಜು ಅಲ್ಲೇ ಸಿಗುತ್ತದೆ. ರೇಸ್ ಮುಗಿದ ಮೇಲೆ ತೋರಿಸುವ ಮುಖ್ಯಾಂಶಗಳಲ್ಲಿ ಇದು ಬರೋದೇ ಇಲ್ಲ.

ರೇಸ್‌ನ ಚಿತ್ರಗಳನ್ನು ಫಾರ್ಮುಲಾ ಒನ್ ಸಂಸ್ಥೆಯೇ ತಯಾರಿಸಿ ಎಲ್ಲ ದೇಶಗಳಿಗೂ ಕೊಡುತ್ತದೆ. ಸ್ಕೈ ಸೇರಿಸುವುದು ಮಾತು ಮತ್ತು ವಿಶ್ಲೇಷಣೆ. ಅದರ ವೀಕ್ಷಕ ವಿವರಣೆಗಾರ ಮಾರ್ಟಿನ್ ಬ್ರಂಡಲ್ ಸ್ವತಃ 158 ಗ್ರ್ಯಾಂಡ್ ಪ್ರಿ, ಅಂದರೆ ಫಾರ್ಮುಲಾ ಒನ್ ರೇಸ್, ಓಡಿದವರು. ಕಾರು ಹಿಂದಿನಿಂದ ಜಾರಿದಾಗ ಚಾಲಕನ ಕೈ ಏನು ಮಾಡುತ್ತಿದೆ ಅಂತ ಅವರು ಹೇಳುವುದನ್ನು ಕೇಳುತ್ತಾ ನೋಡುವ ಖುಷಿಯೇ ಬೇರೆ.

ಉಳಿದ ಹೊತ್ತು ಎಫ್1ಗಿಂತ ಕೆಳಗಿನ ಹಂತದ ಎಫ್2, ಎಫ್3 ರೇಸ್‌ಗಳು, ಅಮೆರಿಕದ ಇಂಡಿಕಾರ್ ರೇಸ್‌ಗಳು, ಹಳೆಯ ರೇಸ್‌ಗಳ ಮರುಪ್ರಸಾರ. ಚಳಿಗಾಲದಲ್ಲಿ ಮರುಪ್ರಸಾರವೇ ಜಾಸ್ತಿ.

ಒಂದು ಬೇಸರದ ವಿಷಯವನ್ನೂ ಹೇಳಬೇಕು. 2009ರಿಂದ 2011ರವರೆಗೆ ಬ್ರಿಟನ್‌ನಲ್ಲಿ ಎಲ್ಲ ರೇಸ್‌ಗಳೂ ಬಿಬಿಸಿಯಲ್ಲಿ ನೇರವಾಗಿ ಬರುತ್ತಿದ್ದವು. 2012ರ ಮಾರ್ಚ್‌ನಲ್ಲಿ ಈ ಚಾನೆಲ್ ಶುರುವಾಯಿತು, ರೇಸ್‌ಗಳು ಹಂಚಿಹೋದವು. 2019ರಿಂದ ಬ್ರಿಟಿಷ್ ಗ್ರ್ಯಾಂಡ್ ಪ್ರಿ ಬಿಟ್ಟು ಮಿಕ್ಕವೆಲ್ಲ ನೇರವಾಗಿ ಸ್ಕೈಯಲ್ಲಿ ಮಾತ್ರ. ಒಲಿಂಪಿಕ್ಸ್, ವಿಂಬಲ್ಡನ್ ಫೈನಲ್‌ಗಳು ಎಲ್ಲರಿಗೂ ಸಿಗಬೇಕು ಎಂಬ ಕಾನೂನಿನ ಪಟ್ಟಿ ಅಲ್ಲಿದೆ. ಅದರಲ್ಲಿ ಫಾರ್ಮುಲಾ ಒನ್ ಇಲ್ಲ. 2021ರ ಡಿಸೆಂಬರ್ 12ರಂದು ಚಾಂಪಿಯನ್ ಪಟ್ಟಕ್ಕೆ ಸೆಣಸುತ್ತಿದ್ದ ಚಾಲಕರಾದ ಹ್ಯಾಮಿಲ್ಟನ್, ವರ್ಸ್ಟಾಪನ್ ಇಬ್ಬರೂ ತಲಾ 369.5 ಅಂಕದೊಂದಿಗೆ ವರ್ಷದ ಕೊನೆಯ ರೇಸ್‌ಗೆ ಅಬುಧಾಬಿಯಲ್ಲಿ ಇಳಿದಾಗ, ಸ್ಕೈ ಆ ರೇಸನ್ನು ಉಚಿತವಾಗಿ ಸಿಗುವ ಚಾನೆಲ್ 4 ಜೊತೆ ಹಂಚಿಕೊಂಡಿತು. ಅಂಥ ಔದಾರ್ಯ ಪ್ರತಿ ವರ್ಷ ಒಂದೆರಡು ಸಲ ಇರಬೇಕಿತ್ತು. ಮನೆಯಲ್ಲಿ ಚಂದಾ ಇಲ್ಲದ ಮಕ್ಕಳಿಗೂ ಈ ಆಟದ ರುಚಿ ಹತ್ತಬೇಕು, ಅಲ್ವಾ?

ಭಾನುವಾರದ ಫಲಿತಾಂಶ, ಓವರ್‌ಟೇಕ್‌ಗಳು ಸಾಕು ಎನ್ನುವವರಿಗೆ ಚಾನೆಲ್ 4ರ ಮುಖ್ಯಾಂಶಗಳು ಉಚಿತ. ಶುಕ್ರವಾರವೂ ಬೇಕು ಎನ್ನುವವರು ಸ್ಕೈನದ್ದೇ ಆದ ನೌ ಎಂಬ ಆನ್‌ಲೈನ್ ಸೇವೆಯಲ್ಲಿ ತಿಂಗಳ ಲೆಕ್ಕದಲ್ಲಿ ಕಟ್ಟಬಹುದು. ಆಗ ರೇಸ್ ಇಲ್ಲದ ಚಳಿಗಾಲಕ್ಕೆ ಸುಮ್ನೆ ದುಡ್ಡು ಸುರಿಯಬೇಕಿಲ್ಲ.